ಬಲ್ಲವರ ಸಂಕಟ



ನಾನು ಮೂವತ್ತನಾಲ್ಕು ವರ್ಷ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ವೈದ್ಯವನ್ನಾಗಲಿ ಶುಶ್ರೂಷಾಶಾಸ್ತ್ರವನ್ನಾಗಲಿ ಓದಿದವನಲ್ಲ. ಅಂಥವನು ಆಸ್ಪತ್ರೆಯ ದಾದಿಯರ ಬಗೆಗೆ, ಅದರಲ್ಲಿಯೂ ಅವರ ಮೇಲ್ವಿಚಾರಣೆಯ ಹೊಣೆ ಹೊತ್ತವರ ಬಗೆಗೆ ಮಾತನಾಡಹೊರಟಿರುವುದು ಅಧಿಕಪ್ರಸಂಗವೆಂದು ನಿಮಗೆ ತೋರಿದರೆ ತಪ್ಪಿಲ್ಲ. ತಿಳಿದವನ ಅಧಿಕಾರ ನನಗಿಲ್ಲ. ತಪ್ಪು ಮಾಡಿದವನ ಋಣವೊಂದು ಇದೆ. ಅದನ್ನು ಇಷ್ಟಾದರೂ ತೀರಿಸೋಣವೆಂದು ಈ ಮಾತುಗಳನ್ನು ಆಡುತ್ತಿದ್ದೇನೆ.

2022ರ ಮಳೆಗಾಲ. ನನ್ನ ಹೆಂಡತಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿತ್ತು. ಆಸ್ಪತ್ರೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ನಮ್ಮ ನಾಡಿನ ಯಾವ ಊರಿನ ದೊಡ್ಡ ಆಸ್ಪತ್ರೆಯಾದರೂ ಆಗಬಹುದು. ರಾತ್ರಿ ಹತ್ತು ಗಂಟೆಗೆ ಕೊಡಬೇಕಾಗಿದ್ದ ನೋವಿನ ಚುಚ್ಚುಮದ್ದು ಹತ್ತೂವರೆಯಾದರೂ ಬರಲಿಲ್ಲ, ಹನ್ನೊಂದಾದರೂ ಬರಲಿಲ್ಲ. ಆಕೆ ತುಟಿ ಕಚ್ಚಿಕೊಂಡು ಮಲಗಿದ್ದಳು. ನಾನು ಹೊರಗೆ ಬಂದೆ. ಉದ್ದನೆಯ ಓಣಿಯಲ್ಲಿ ಮುಖಕ್ಕೆ ಮಾಸ್ಕು ಕಟ್ಟಿಕೊಂಡ, ನಡುವಯಸ್ಸಿನ ಒಬ್ಬ ಸಿಸ್ಟರ್ ಬೇಗಬೇಗ ನಡೆದುಹೋಗುತ್ತಿದ್ದರು. ಆ ರಾತ್ರಿಯ ಮೇಲ್ವಿಚಾರಕಿ ಅವರೇ ಎಂದು ಯಾರೋ ಹೇಳಿದರು. ನಾನು ಅವರನ್ನು ಅಡ್ಡಗಟ್ಟಿದೆ. ಜೀವಮಾನವೆಲ್ಲ ಮಾತನ್ನೇ ದುಡಿಸಿಕೊಂಡವನಿಗೆ ಮಾತಿಗೆ ಬರವೆ? ಕರ್ತವ್ಯವೆಂದರೇನು, ಕರುಣೆಯೆಂದರೇನು ಎಂಬುದರ ಬಗೆಗೆ ಏರಿದ ದನಿಯಲ್ಲಿ ಸುಮಾರು ಹತ್ತು ನಿಮಿಷ ಉಪನ್ಯಾಸ ಮಾಡಿದೆ. ಆಕೆ ಒಂದು ಸಲವೂ ನನ್ನ ಮಾತನ್ನು ತಡೆಯಲಿಲ್ಲ. ಕೊನೆಗೆ, "ತಪ್ಪಾಯಿತು ಸರ್, ಈಗಲೇ ಕೊಡಿಸುತ್ತೇನೆ" ಎಂದಷ್ಟೇ ಹೇಳಿದರು. ಚುಚ್ಚುಮದ್ದು ಬಂತು. ಗೆದ್ದೆನೆಂಬ ಸಮಾಧಾನದಿಂದ ನಾನು ಕುರ್ಚಿಯಲ್ಲಿಯೇ ನಿದ್ದೆಹೋದೆ.

ನಾವು ಮನೆಗೆ ಹೊರಡುವ ದಿನ ಅದೇ ಸಿಸ್ಟರ್ ಕೊಠಡಿಗೆ ಬಂದರು. ಮಾಸ್ಕನ್ನು ಕೆಳಗಿಳಿಸಿ, "ಸರ್, ನನ್ನ ಗುರುತು ಸಿಗಲಿಲ್ಲವೇನೋ. ಎಂಬತ್ತೆಂಟರಲ್ಲಿ ಪಿ.ಯು.ಸಿ.ಯಲ್ಲಿ ನಿಮ್ಮ ವಿದ್ಯಾರ್ಥಿನಿ. ನೀವು ಸಭಾಪರ್ವ ಪಾಠ ಮಾಡಿದ್ದಿರಿ" ಎಂದರು. ನನಗೆ ನೆಲ ಬಿರಿದಂತಾಯಿತು. ಆ ರಾತ್ರಿ ನನ್ನ ದನಿ ಕೇಳಿದ ಕೂಡಲೇ ಆಕೆಗೆ ನನ್ನ ಗುರುತು ಹತ್ತಿತ್ತಂತೆ. ಹತ್ತಿದ್ದರಿಂದಲೇ ಏನೂ ಹೇಳಲಿಲ್ಲವಂತೆ.

ಆಮೇಲೆ ಎಷ್ಟೋ ತಿಂಗಳ ಮೇಲೆ, ನಮ್ಮ ಮನೆಗೆ ಬಂದಿದ್ದಾಗ, ನಾನು ಬಹಳ ಒತ್ತಾಯ ಮಾಡಿದ ಮೇಲೆ ಆ ರಾತ್ರಿಯ ಕಥೆ ಹೊರಬಿತ್ತು. ಅಂದು ಇಬ್ಬರು ದಾದಿಯರು ಅನಾರೋಗ್ಯದಿಂದ ಕೆಲಸಕ್ಕೆ ಬಂದಿರಲಿಲ್ಲ. ತೀವ್ರ ನಿಗಾ ಘಟಕಕ್ಕೆ ಇನ್ನೊಬ್ಬರು ಬೇಕೆಂದು ಆಜ್ಞೆಯಾಯಿತು. ನಮ್ಮ ವಾರ್ಡಿನಲ್ಲಿದ್ದ ಇಬ್ಬರಲ್ಲಿ ಒಬ್ಬಳನ್ನು ಆಕೆಯೇ ಅಲ್ಲಿಗೆ ಕಳಿಸಿದಳು. ಮೂವತ್ತೆಂಟು ರೋಗಿಗಳಿಗೆ ಒಬ್ಬಳೇ ಉಳಿದಳು. ಕೊನೆಯ ಹಾಸಿಗೆಯಲ್ಲಿ ದಿಕ್ಕಿಲ್ಲದ ಒಬ್ಬ ಮುದುಕಿ ಕೊನೆಯುಸಿರು ಎಳೆಯುತ್ತಿದ್ದಳು. ಆ ಎಳೆಯ ದಾದಿಗೆ ಅಲ್ಲಿ ಕೂರಲು ಬಿಡುವಿಲ್ಲದ್ದರಿಂದ ತಾನೇ ಹೋಗಿ ಕೂತಿರೋಣವೆಂದು ಮೇಲ್ವಿಚಾರಕಿ ಓಣಿಯಲ್ಲಿ ಹೊರಟಿದ್ದಳು. ಆಗ ನಾನು ಅಡ್ಡಗಟ್ಟಿದೆ.

"ನಾನು ಹೋಗುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದರು ಸರ್" ಎಂದಳು. ಅಷ್ಟೇ. ಆಕ್ಷೇಪಣೆಯ ಒಂದು ಎಳೆಯೂ ಆ ದನಿಯಲ್ಲಿ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಹೇಳಿದಳು: "ಏನು ಮಾಡಬೇಕೋ ಗೊತ್ತಾಗದೆ ಒದ್ದಾಡುವ ಕಷ್ಟವಲ್ಲ ಸರ್ ನಮ್ಮದು. ಏನು ಮಾಡಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ. ಮಾಡುವುದಕ್ಕೆ ಆಗುವುದಿಲ್ಲ. ಆಗುವುದಿಲ್ಲ ಎಂದು ಕೈಕೆಳಗಿನ ಹುಡುಗಿಯರಿಗೆ ಹೇಳಬೇಕಾದವಳೂ ನಾನೇ."

ಆ ಮಾತು ನನ್ನನ್ನು ಬಿಡಲಿಲ್ಲ. ಕನ್ನಡದಲ್ಲಿ ನಮಗೆ 'ಧರ್ಮಸಂಕಟ' ಎಂಬ ಒಳ್ಳೆಯ ಮಾತಿದೆ. ಎರಡು ಧರ್ಮಗಳು ಎದುರುಬದುರಾಗಿ ನಿಂತು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದ ಸ್ಥಿತಿ ಅದು. ಯುದ್ಧಭೂಮಿಯಲ್ಲಿ ಬಿಲ್ಲು ಕೆಳಗಿಟ್ಟ ಅರ್ಜುನನದು ಧರ್ಮಸಂಕಟ. ಆದರೆ ನನ್ನ ಶಿಷ್ಯೆ ಹೇಳಿದ್ದು ಅದಲ್ಲ. ಆಕೆಗೆ ಸಂದೇಹವಿರಲಿಲ್ಲ, ಅಧಿಕಾರವಿರಲಿಲ್ಲ, ಕೈಯಲ್ಲಿ ಜನರಿರಲಿಲ್ಲ. ಈ ಬಗೆಯ ನೋವಿಗೆ ಒಂದು ಹೆಸರು ಇದೆಯೆಂದು ಹುಡುಕಿ ಓದಿದಾಗ ತಿಳಿಯಿತು. ಅಮೆರಿಕದ ಆಂಡ್ರ್ಯೂ ಜೇಮ್ಟನ್ ಎಂಬ ತತ್ತ್ವಶಾಸ್ತ್ರಜ್ಞ ಶುಶ್ರೂಷಾವೃತ್ತಿಯ ನೀತಿಪ್ರಶ್ನೆಗಳನ್ನು ಕುರಿತು 1984ರಲ್ಲಿ ಒಂದು ಪುಸ್ತಕ ಬರೆದ. ಮಾಡಬೇಕಾದ್ದು ಯಾವುದೆಂದು ಬಲ್ಲವರು, ಸಂಸ್ಥೆಯ ಕಟ್ಟುಪಾಡುಗಳ ಕಾರಣದಿಂದ ಅದನ್ನು ಮಾಡಲಾರದೆಹೋದಾಗ ಪಡುವ ನೋವನ್ನು ಅವನು ಧರ್ಮಸಂಕಟದಿಂದ ಬೇರ್ಪಡಿಸಿ ತೋರಿಸಿದ. ಕನ್ನಡದಲ್ಲಿ ಅದನ್ನು 'ನೈತಿಕ ಸಂಕಟ' ಎನ್ನಬಹುದು. ನಾನು ನನ್ನ ಮಟ್ಟಿಗೆ ಅದನ್ನು 'ಬಲ್ಲವರ ಸಂಕಟ' ಎಂದು ಕರೆದುಕೊಂಡಿದ್ದೇನೆ. ಅರಿಯದವನಿಗೆ ಈ ನೋವಿಲ್ಲ. ಅರಿತೂ ಲೆಕ್ಕಿಸದವನಿಗೂ ಇಲ್ಲ.

ಎಲ್ಲ ದಾದಿಯರಿಗೂ ಈ ಸಂಕಟ ಉಂಟು. ಆದರೆ ಮುಂದಾಳುಗಳ ಸ್ಥಾನದಲ್ಲಿರುವವರಿಗೆ ಅದು ಇಮ್ಮಡಿಯಾಗುತ್ತದೆ. ಹಿಂದೆ ಮೇಟ್ರನ್ ಎನ್ನುತ್ತಿದ್ದರು. ಈಗ ಶುಶ್ರೂಷಾ ಅಧೀಕ್ಷಕಿ ಎನ್ನುತ್ತಾರೆ. ಅವರ ಕೆಳಗೆ ವಾರ್ಡಿನ ಹೊಣೆ ಹೊತ್ತ ಸಿಸ್ಟರುಗಳು, ಪಾಳಿಯ ಮೇಲ್ವಿಚಾರಕಿಯರು. ಇವರೆಲ್ಲ ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಗಳು. ಮೇಲಿನ ಅಲಗು ಆಡಳಿತದ್ದು: ಖರ್ಚು ಏರಬಾರದು, ಹಾಸಿಗೆ ಖಾಲಿ ಬೀಳಬಾರದು, ದೂರು ಬರಬಾರದು. ಕೆಳಗಿನ ಅಲಗು ವಾರ್ಡಿನದು: ರೋಗಿಯ ನರಳಾಟ, ಬಂಧುಗಳ ಸಿಟ್ಟು, ಸತತ ರಾತ್ರಿಪಾಳಿ ಮಾಡಿ ಕಣ್ಣು ಕೆಂಪಾದ ಹುಡುಗಿಯರ ಮೌನ. ಬೋಧಕ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ದಾದಿಯಿರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡವಿದೆ. ರಜೆಯವರ ಬದಲಿಗೆಂದು ಇನ್ನೂ ನೂರಕ್ಕೆ ಮೂವತ್ತು ಜನ ಹೆಚ್ಚಿಗೆ ಇರಬೇಕು. ಆ ರಾತ್ರಿ ನಮ್ಮ ವಾರ್ಡಿನಲ್ಲಿ ಇದ್ದದ್ದು ಮೂವತ್ತೆಂಟಕ್ಕೆ ಒಬ್ಬರು. ಈ ಎರಡು ಲೆಕ್ಕಗಳ ನಡುವಿನ ಕಂದಕವನ್ನು ಯಾರಾದರೂ ಒಬ್ಬರು ತಮ್ಮ ಹೆಸರಿನಲ್ಲಿ ಸಹಿ ಹಾಕಿ ಮುಚ್ಚಬೇಕು. ಪಾಳಿಯ ಪಟ್ಟಿಗೆ ಸಹಿ ಹಾಕುವವಳು ಮೇಲ್ವಿಚಾರಕಿ. ಸಾಮಾನ್ಯ ದಾದಿಗೆ "ನನ್ನಿಂದ ಒಳ್ಳೆಯದನ್ನು ಮಾಡಲಾಗಲಿಲ್ಲ" ಎಂಬ ನೋವು. ಮುಂದಾಳಿಗೆ ಅದರ ಜೊತೆಗೆ "ಇವರೆಲ್ಲರಿಂದಲೂ ಮಾಡಲಾಗದ ಹಾಗೆ ಪಟ್ಟಿ ಬರೆದವಳು ನಾನು" ಎಂಬ ನೋವು.

ಇದು ಇಂದಿನ ಮಾತೂ ಅಲ್ಲ, ನಮ್ಮ ದೇಶದ್ದೊಂದೇ ಮಾತೂ ಅಲ್ಲ. ಆಧುನಿಕ ಶುಶ್ರೂಷೆಯ ತಾಯಿಯೆಂದು ನಾವು ಹೆಸರಿಸುವ ಫ್ಲಾರೆನ್ಸ್ ನೈಟಿಂಗೇಲಳನ್ನು ನೆನೆಯಿರಿ. ನಮ್ಮ ಶಾಲೆಯ ಪಾಠಗಳಲ್ಲಿ ಆಕೆ ಕೈಯಲ್ಲಿ ದೀಪ ಹಿಡಿದು ನಡೆಯುತ್ತಾಳೆ. ಆಕೆ ಕೈಕಟ್ಟಿ ಕೂತ ದಿನಗಳ ಸಂಗತಿ ಪಾಠದಲ್ಲಿ ಬರುವುದಿಲ್ಲ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ನವೆಂಬರ್ ಮೊದಲ ವಾರದಲ್ಲಿ, ಮೂವತ್ತೆಂಟು ಮಂದಿ ದಾದಿಯರೊಡನೆ ಆಕೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಳು. ಗಾಯಾಳುಗಳು ನೆಲದ ಮೇಲೆ ಹೊರಳುತ್ತಿದ್ದರು. ಸೇನಾವೈದ್ಯರಿಗೆ ಹೆಂಗಸರ ಸಹಾಯ ಬೇಕಿರಲಿಲ್ಲ. ವೈದ್ಯರು ಕರೆಯದೆ ಯಾರೂ ರೋಗಿಯನ್ನು ಮುಟ್ಟಕೂಡದೆಂದು ನೈಟಿಂಗೇಲ್ ತನ್ನ ದಾದಿಯರಿಗೆ ಅಪ್ಪಣೆ ಮಾಡಿದಳು. ಹೊಲಿಗೆ ಹಾಕಿರಿ, ಪಟ್ಟಿ ಕತ್ತರಿಸಿರಿ, ಕಾಯಿರಿ ಎಂದಳು. ಸೇವೆಗೆಂದು ಸಮುದ್ರ ದಾಟಿ ಬಂದವರು ಗೋಡೆಯಾಚೆಯ ನರಳಾಟ ಕೇಳುತ್ತ ಬಟ್ಟೆ ಹೊಲಿಯಬೇಕಾಯಿತು. ಕೆಲವೇ ದಿನಗಳಲ್ಲಿ ಗಾಯಾಳುಗಳ ಪ್ರವಾಹ ಬಂದು ವೈದ್ಯರೇ ಕರೆದರು, ಬಾಗಿಲು ತೆರೆಯಿತು. ಆ ತಾಳ್ಮೆಯಿಂದಲೇ ಮುಂದಿನ ಕೆಲಸವೆಲ್ಲ ಸಾಧ್ಯವಾಯಿತೆಂದು ಚರಿತ್ರೆ ಹೇಳುತ್ತದೆ. ಇರಬಹುದು. ಆದರೆ ಆ ಕೆಲವು ದಿನಗಳಲ್ಲಿ ನೀರು ಕೇಳಿ ಸಿಗದೆ ಸತ್ತವರ ಲೆಕ್ಕ ಯಾರ ಎದೆಯಲ್ಲಿ ಬರೆಯಿತು?

ಮುಂದಿನ ಚಳಿಗಾಲದಲ್ಲಿ ಆ ಆಸ್ಪತ್ರೆಯಲ್ಲಿ ಗಾಯಕ್ಕಿಂತ ರೋಗದಿಂದ ಸತ್ತವರೇ ಹೆಚ್ಚು. ಕಟ್ಟಡದ ಅಡಿಯ ಕೊಳಚೆಯನ್ನು ತೆಗೆಸಿ ಗಾಳಿಬೆಳಕಿನ ಏರ್ಪಾಟು ಮಾಡಲು 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗ ಬರಬೇಕಾಯಿತು. ಯುದ್ಧ ಮುಗಿದು 1856ರಲ್ಲಿ ಊರಿಗೆ ಮರಳಿದ ನೈಟಿಂಗೇಲ್ ಸತ್ತ ಸೈನಿಕರ ಅಂಕಿಗಳನ್ನು ಹಿಡಿದು ಕೂತಳು. 1858ರಲ್ಲಿ ಆಕೆ ಮುದ್ರಿಸಿದ ವರ್ತುಲಾಕಾರದ ನಕ್ಷೆಗಳು ಸಂಖ್ಯಾಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾಗಿವೆ. ಆಕೆ 1857ರಲ್ಲಿ ಹಾಸಿಗೆ ಹಿಡಿದಳು. 1910ರಲ್ಲಿ ತೊಂಬತ್ತರ ಮುಪ್ಪಿನಲ್ಲಿ ತೀರಿಕೊಳ್ಳುವವರೆಗೆ ಹೆಚ್ಚಿನ ಕಾಲ ಕೋಣೆಯೊಳಗೇ ಉಳಿದು ಅಲ್ಲಿಂದಲೇ ಕೆಲಸ ಮಾಡಿದಳು. ಅದು ಸೋಂಕಿನ ಫಲವೆಂದು ಕೆಲವರು, ಮನಸ್ಸಿನ ಭಾರವೆಂದು ಕೆಲವರು ವಾದಿಸುತ್ತಾರೆ. ನನಗೆ ಕಾಣುವುದು ಒಂದೇ: ಆಕೆ ಆ ಸತ್ತವರನ್ನು ಮರೆಯಲಿಲ್ಲ, ಆ ಮರೆಯದಿರುವಿಕೆಯನ್ನೇ ಕೆಲಸವಾಗಿ ಮಾಡಿಕೊಂಡಳು.

ಈ ಮರೆಯದಿರುವಿಕೆಯ ಇನ್ನೊಂದು ಮುಖ ಕ್ರೂರವಾದದ್ದು. ಎಲಿಜಬೆತ್ ಎಪ್‌ಸ್ಟೀನ್ ಮತ್ತು ಆ್ಯನ್ ಹ್ಯಾಮ್ರಿಕ್ ಎಂಬ ಅಮೆರಿಕದ ಇಬ್ಬರು ಶುಶ್ರೂಷಾ ವಿದ್ವಾಂಸರು 2009ರಲ್ಲಿ ಒಂದು ವಿಚಾರ ಮಂಡಿಸಿದರು. ಸಂಕಟದ ಪ್ರಸಂಗ ಮುಗಿದರೂ ಸಂಕಟ ಪೂರ್ತಿಯಾಗಿ ಇಳಿಯುವುದಿಲ್ಲ; ತಳದಲ್ಲಿ ಅದರ ಶೇಷ ಉಳಿಯುತ್ತದೆ. ಮುಂದಿನ ಸಂಕಟ ಆ ಶೇಷದ ಮೇಲೆ ಏರುತ್ತದೆ. ಹಾಲು ಕಾಯಿಸುವ ಪಾತ್ರೆಯನ್ನು ತಿಕ್ಕದೆ ದಿನವೂ ಒಲೆಯ ಮೇಲಿಟ್ಟರೆ ಏನಾಗುತ್ತದೆಂದು ನಮ್ಮ ಮನೆಗಳ ಹೆಂಗಸರು ಬಲ್ಲರು. ಮೊದಲ ದಿನದ ಸೀದ ಪದರ ಕಣ್ಣಿಗೆ ಕಾಣುವುದಿಲ್ಲ. ತಿಂಗಳು ಕಳೆಯುವಷ್ಟರಲ್ಲಿ, ಎಷ್ಟು ಒಳ್ಳೆಯ ಹಾಲು ಹಾಕಿದರೂ ಸೀದ ವಾಸನೆ ಬರುತ್ತದೆ. ಒಳ್ಳೆಯ ದಾದಿಯರು ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಡುವುದು, ಇಲ್ಲವೇ ಕೆಲಸದಲ್ಲಿದ್ದೇ ಕಲ್ಲಾಗುವುದು ಹೀಗೆ. 'ಸಿಸ್ಟರುಗಳಿಗೆ ಕರುಣೆಯಿಲ್ಲ' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕರುಣೆ ಇಲ್ಲದವರಲ್ಲ, ಸೀದುಹೋದವರು ಎಂಬ ಸಾಧ್ಯತೆ ನಮಗೆ ಹೊಳೆಯುವುದೇ ಇಲ್ಲ.

ಈ ಸಂದರ್ಭದಲ್ಲಿ ನಮ್ಮ ನಾಡಿನ ಹೆಣ್ಣುಮಗಳೊಬ್ಬಳನ್ನು ನೆನೆಯದೆ ಮುಂದೆ ಹೋಗಲಾರೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ. 1973ರ ನವೆಂಬರ್ 27ರ ಸಂಜೆ, ಕೆಲಸ ಮುಗಿಸಿ ಬಟ್ಟೆ ಬದಲಿಸಲು ಹೋದವಳ ಮೇಲೆ ಅದೇ ಆಸ್ಪತ್ರೆಯ ನೌಕರನೊಬ್ಬ ಹಲ್ಲೆ ನಡೆಸಿ, ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದ. ಮಿದುಳಿಗೆ ರಕ್ತ ಹರಿಯುವುದು ನಿಂತು ಆಕೆಯ ಅರಿವು ಅಂದಿಗೆ ಆರಿತು. ಕೆಲಸದಲ್ಲಿನ ಅವನ ನಡತೆಯನ್ನು ಆಕೆ ಆಕ್ಷೇಪಿಸಿದ್ದಳೆಂಬ ದ್ವೇಷವೇ ಕಾರಣವೆಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ. ಇಪ್ಪತ್ತೈದು ವರ್ಷದ ಹುಡುಗಿ ತನ್ನ ಜವಾಬ್ದಾರಿಯ ಜಾಗದಲ್ಲಿ 'ಇದು ಸರಿಯಲ್ಲ' ಎಂದದ್ದಕ್ಕೆ ತೆತ್ತ ಬೆಲೆ ಅದು. ಅವನಿಗೆ ಹಲ್ಲೆ ಮತ್ತು ದರೋಡೆಗಾಗಿ ಏಳು ವರ್ಷದ ಸೆರೆಯಾಯಿತು. ಆಕೆ ಅದೇ ಆಸ್ಪತ್ರೆಯ ಒಂದು ಕೊಠಡಿಯಲ್ಲಿ 2015ರ ಮೇ 18ರವರೆಗೆ, ನಾಲ್ವತ್ತೊಂದು ವರ್ಷಕ್ಕೂ ಮಿಕ್ಕಿ, ಮಲಗಿದ್ದಳು.

ಆ ನಾಲ್ವತ್ತೊಂದು ವರ್ಷ ಆಕೆಯನ್ನು ನೋಡಿಕೊಂಡವರು ಅಲ್ಲಿಯ ದಾದಿಯರು. ಉಣಿಸಿದರು, ತೊಳೆದರು, ಮಗ್ಗುಲು ಬದಲಿಸಿದರು. ಮಲಗಿದಲ್ಲಿಯೇ ಇರುವವರ ಬೆನ್ನು ಹುಣ್ಣಾಗದಂತೆ ಕಾಯುವುದೆಷ್ಟು ಕಷ್ಟವೆಂದು, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡ ಯಾರಾದರೂ ಬಲ್ಲರು. ಇಷ್ಟು ವರ್ಷಗಳಲ್ಲಿ ಆಕೆಯ ಮೈಯಲ್ಲಿ ಅಂಥ ಒಂದು ಹುಣ್ಣೂ ಆಗಿರಲಿಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವೇ ಗಮನಿಸಿತು. 1980ರ ದಶಕದಲ್ಲಿ ನಗರಪಾಲಿಕೆಯವರು ಆ ಹಾಸಿಗೆ ತೆರವು ಮಾಡಿಸಿ ಆಕೆಯನ್ನು ಬೇರೆಡೆಗೆ ಸಾಗಿಸಹೊರಟಾಗ ದಾದಿಯರು ಪ್ರತಿಭಟಿಸಿ ನಿಲ್ಲಿಸಿದರು. ಮೇಟ್ರನ್ನರು ಬಂದರು, ನಿವೃತ್ತರಾದರು, ಬೇರೆಯವರು ಬಂದರು; ಅರುಣೆಯ ಪಾಳಿ ಮಾತ್ರ ತಪ್ಪಲಿಲ್ಲ. ಆಕೆಯ ಮೇಲೆ ಹಲ್ಲೆ ನಡೆದಾಗ ಹುಟ್ಟಿರದ ಹುಡುಗಿಯರು ಕೂಡ ಆಕೆಯ ತಲೆ ಬಾಚಿದರು.

ಇಲ್ಲಿಯೂ ಸಂಕಟವಿಲ್ಲದೆ ಇರಲಿಲ್ಲ. ಆಕೆಯ ಬದುಕನ್ನು ಪುಸ್ತಕವಾಗಿ ಬರೆದಿದ್ದ ಪಿಂಕಿ ವಿರಾನಿ, ಈ ಜೀವಕ್ಕೆ ಬಿಡುಗಡೆ ಕೊಡಿರೆಂದು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅದರ ಹಿಂದೆಯೂ ಕರುಣೆಯೇ ಇತ್ತು. ದಾದಿಯರು, ಆಕೆ ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಎಂದರು. 2011ರ ಮಾರ್ಚ್ 7ರಂದು ನ್ಯಾಯಾಲಯ ವಿರಾನಿಯವರ ಕೋರಿಕೆಯನ್ನು ಒಪ್ಪಲಿಲ್ಲ. ಆಕೆಯ ಪರವಾಗಿ ಮಾತನಾಡುವ ಹಕ್ಕು ಆಸ್ಪತ್ರೆಯ ಸಿಬ್ಬಂದಿಯದು ಎಂದಿತು. ಅದೇ ತೀರ್ಪಿನಲ್ಲಿ, ಕೆಲವು ಕಟ್ಟಳೆಗಳಿಗೆ ಒಳಪಟ್ಟು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ದಾರಿಯನ್ನೂ ತೆರೆಯಿತು. 2018ರಲ್ಲಿ ಸಂವಿಧಾನ ಪೀಠ ಆ ದಾರಿಯನ್ನು ಅಗಲ ಮಾಡಿತು. 2023ರಲ್ಲಿ ಅದರ ವಿಧಿಗಳು ಸರಳವಾದವು. 2025ರ ಜನವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಈ ವಿಧಿಗಳ ಪ್ರಕಾರ ತೀರ್ಮಾನಿಸುವುದು ವೈದ್ಯರ ಎರಡು ಮಂಡಳಿಗಳು. ಆ ಮಂಡಳಿಗಳ ರಚನೆಯಲ್ಲಿ ದಾದಿಗೆಂದು ಸ್ಥಾನವಿಲ್ಲ. ಹಗಲಿರುಳು ಹಾಸಿಗೆಯ ಬಳಿ ಇರುವವಳು, ತೀರ್ಮಾನವಾದ ಮೇಲೆಯೂ ಕಡೆಯವರೆಗೆ ಅಲ್ಲಿಯೇ ನಿಲ್ಲುವವಳು, ತೀರ್ಮಾನದ ಹೊತ್ತಿಗೆ ಬಾಗಿಲ ಹೊರಗೆ. ಬಲ್ಲವರ ಸಂಕಟ ಹುಟ್ಟುವುದು ಇಂಥ ಬಾಗಿಲುಗಳ ಹೊರಗೆಯೇ.

ಕೆ.ಇ.ಎಂ. ದಾದಿಯರದು ಸರಿಯೋ, ವಿರಾನಿಯವರದು ಸರಿಯೋ ಎಂದು ತೂಗಲು ನನ್ನಲ್ಲಿ ತಕ್ಕಡಿಯಿಲ್ಲ. ಆದರೆ ಒಂದು ಮಾತು ಹೇಳಬಲ್ಲೆ. 1973ರಲ್ಲಿ ತಮ್ಮ ಸಹೋದ್ಯೋಗಿಯನ್ನು ಕಾಪಾಡಲಾಗದೆಹೋದ ಒಂದು ಸಮುದಾಯ, ಆ ನೋವನ್ನು ಪ್ರತಿದಿನದ ಸಣ್ಣ ಕೆಲಸವಾಗಿ ಬದಲಿಸಿಕೊಂಡಿತು. ಅದು ಒಬ್ಬಳ ತ್ಯಾಗವಾಗಿದ್ದರೆ ಐದು ವರ್ಷಕ್ಕೆ ಮುಗಿಯುತ್ತಿತ್ತು. ಹಲವರ ಪಾಳಿಯಾದ್ದರಿಂದ ನಾಲ್ಕು ದಶಕ ನಡೆಯಿತು. ಸಂಕಟವನ್ನು ತಾಳಿ ನಿಲ್ಲುವ ಶಕ್ತಿಯ ಗುಟ್ಟು ಇಲ್ಲಿದೆಯೆಂದು ನನ್ನ ಭಾವನೆ.

ಆ ಶಕ್ತಿಗೂ ಈಗ ಶಾಸ್ತ್ರದಲ್ಲಿ ಹೆಸರುಂಟು. ಸಿಂಡಾ ರಶ್ಟನ್ ಎಂಬ ಶುಶ್ರೂಷಾ ಪ್ರಾಧ್ಯಾಪಕಿ 2018ರಲ್ಲಿ ಅದನ್ನು ಕುರಿತು ಒಂದು ಗ್ರಂಥವನ್ನೇ ಹೊರತಂದರು. 'ನೈತಿಕ ಸ್ಥೈರ್ಯ' ಎಂದು ಕನ್ನಡಿಸಬಹುದು. ಒಳ್ಳೆಯ ಮಾತು, ಆದರೆ ಅಪಾಯವೂ ಇರುವ ಮಾತು. ನಮ್ಮ ಕಡೆ ಗದ್ದೆಗೆ ಹಸಿರೆಲೆಯ ಗೊಬ್ಬರಕ್ಕೆಂದು ಹೊಂಗೆಯ ಕೊಂಬೆ ಕಡಿಯುತ್ತಾರೆ. ಕಡಿದರೂ ಚಿಗುರುವುದು ಹೊಂಗೆಯ ಗುಣ. ಆದರೆ ಯಾವ ರೈತನೂ ಚಿಗುರಿದ ಮರುದಿನವೇ ಮತ್ತೆ ಕಡಿಯುವುದಿಲ್ಲ. ಆಡಳಿತಗಳು ದಾದಿಯರಿಗೆ ಧ್ಯಾನದ ಶಿಬಿರ ನಡೆಸಿ, ಸ್ಥೈರ್ಯದ ಬಗೆಗೆ ಭಾಷಣ ಮಾಡಿಸಿ, ಮರುದಿನ ಮೂವತ್ತೆಂಟು ರೋಗಿಗಳಿಗೆ ಒಬ್ಬಳನ್ನೇ ನಿಲ್ಲಿಸಿದರೆ ಅದು ಚಿಗುರುವ ಗುಣವನ್ನೇ ಕೊಡಲಿಗೆ ಹಿಡಿಯಾಗಿ ಬಳಸಿಕೊಂಡಂತೆ.

ಹಾಗಾದರೆ ನಡುವೆ ಸಿಕ್ಕಿದವರಿಗೆ ದಾರಿ ಯಾವುದು? ನನ್ನ ಶಿಷ್ಯೆ ಸಭಾಪರ್ವವನ್ನು ನೆನಪು ಮಾಡಿದ್ದರಿಂದ ನಾನು ಮತ್ತೆ ಆ ಸಭೆಗೇ ಹೋದೆ. ಅಲ್ಲಿ ದ್ರೌಪದಿಯ ಪ್ರಶ್ನೆಗೆ ಭೀಷ್ಮನು ಧರ್ಮ ಸೂಕ್ಷ್ಮವೆಂದು ಹೇಳಿ ತಲೆತಗ್ಗಿಸಿದ. ಬಲ್ಲವನೇ, ಪೀಠದಲ್ಲಿಯೇ ಉಳಿದ, ಮಾತು ಬಿಟ್ಟ. ಅದು ಒಂದು ದಾರಿ. ವಿದುರನು ಸಭೆಯಲ್ಲಿ ಬಾಯಿಬಿಟ್ಟು ಹೇಳಿದ, ಯಾರೂ ಕೇಳಲಿಲ್ಲ. ಮುಂದೆ ಸಂಧಿಯ ಕಾಲದಲ್ಲಿ ದುರ್ಯೋಧನ ಜರೆದಾಗ ಬಿಲ್ಲನ್ನೇ ಮುರಿದು ಹಾಕಿ ಹೊರಗಾದನೆಂದು ಕುಮಾರವ್ಯಾಸನ ಕಥೆ. ಅದು ಎರಡನೆಯ ದಾರಿ, ರಾಜೀನಾಮೆಯ ದಾರಿ. ಅದಕ್ಕೂ ಅದರ ಗೌರವ ಇದ್ದೇ ಇದೆ. ಆದರೆ ಪಾಠ ಮಾಡುವಾಗ ನಾನು ಒತ್ತಿ ಹೇಳದೆ ಬಿಟ್ಟಿದ್ದ ಮೂರನೆಯದೊಂದಿದೆ. ಅರಗಿನ ಮನೆಯ ಸಂಚನ್ನು ತಡೆಯುವ ಅಧಿಕಾರ ವಿದುರನಿಗಿರಲಿಲ್ಲ. ಅವನು ಧರ್ಮರಾಯನಿಗೆ ಗೂಢವಾಗಿ ಎಚ್ಚರಿಕೆ ಹೇಳಿದ. ಆಮೇಲೆ ನೆಲ ತೋಡುವವನೊಬ್ಬನನ್ನು ಕಳಿಸಿ ಸುರಂಗ ತೋಡಿಸಿದ. ಅರಮನೆಯಲ್ಲಿದ್ದುಕೊಂಡೇ, ಅರಮನೆಯ ಕೇಡಿನ ಅಡಿಯಲ್ಲಿ ಆರು ಜೀವಗಳಿಗೆ ದಾರಿ ಮಾಡಿದ. ಮಂತ್ರಿಯ ಪದವಿಯಲ್ಲಿದ್ದು ದೊರೆಯ ಮನಸ್ಸನ್ನು ತಿರುಗಿಸಲಾಗದವನು ಮಾಡಬಹುದಾದ ಕೆಲಸ ಅದು.

ಇದನ್ನು ನಾನು ನನ್ನ ಶಿಷ್ಯೆಗೆ ಹೇಳಿದಾಗ ಆಕೆ ನಕ್ಕಳು. "ನಾನು ತೋಡುವ ಸುರಂಗ ಬಹಳ ಸಣ್ಣದು ಸರ್" ಎಂದಳು. ಆ ಮುದುಕಿ ಸತ್ತ ಮರುದಿನದಿಂದ ಆಕೆ ಪಾಳಿಯ ವರದಿಪುಸ್ತಕದಲ್ಲಿ ದಿನವೂ ಒಂದು ಸಾಲು ಬರೆಯತೊಡಗಿದಳು: ಇಂದು ರಾತ್ರಿ ಇಷ್ಟು ರೋಗಿಗಳು, ಇಷ್ಟು ದಾದಿಯರು, ಇಂಥಿಂಥ ಕೆಲಸ ಮಾಡಲಾಗಲಿಲ್ಲ. ದೂರಿಲ್ಲ, ವಿಶೇಷಣಗಳಿಲ್ಲ; ಅಂಕಿ ಮಾತ್ರ. ಪ್ರತಿ ವಾರ ಅದರ ಪ್ರತಿಯನ್ನು ಕಚೇರಿಗೆ ಕೊಟ್ಟು ಸ್ವೀಕೃತಿಯ ಸಹಿ ಪಡೆದಳು. ಮೊದಲು ಗದರಿಸಿದರು, ಆಮೇಲೆ ಅಲಕ್ಷಿಸಿದರು. ಜೊತೆಯ ಮೇಲ್ವಿಚಾರಕಿಯರು ಒಬ್ಬೊಬ್ಬರಾಗಿ ತಾವೂ ಬರೆಯತೊಡಗಿದರು. ಒಂದೂವರೆ ವರ್ಷದ ಮೇಲೆ ಆ ವಾರ್ಡಿಗೆ ರಾತ್ರಿಪಾಳಿಗೆ ಇನ್ನೊಬ್ಬ ದಾದಿ ಮಂಜೂರಾದಳು. ಒಬ್ಬಳು, ಹೆಚ್ಚಿಲ್ಲ. ಇನ್ನೊಂದು ಪದ್ಧತಿಯನ್ನೂ ಆಕೆ ತಂದಳು. ಸಾವು ಸಂಭವಿಸಿದ ರಾತ್ರಿಯ ಮುಂಜಾನೆ, ಪಾಳಿ ಒಪ್ಪಿಸಿದ ಮೇಲೆ, ಹತ್ತು ನಿಮಿಷ ಎಲ್ಲರೂ ಕೂತು ಚಹ ಕುಡಿಯುತ್ತಾರೆ. ಏನು ಮಾಡಲಾಗಲಿಲ್ಲವೋ ಅದನ್ನು ಹೇಳಬಹುದು, ಅಳಬಹುದು, ಸುಮ್ಮನಿರಬಹುದು. ಯಾರೂ ಬುದ್ಧಿ ಹೇಳಕೂಡದು. ಪಾತ್ರೆ ತಿಕ್ಕುವ ಕೆಲಸವೆಂದರೆ ಇದೇ.

ನಾಗರಿಕರಾದ ನಮ್ಮ ಪಾಲೂ ಇದರಲ್ಲಿದೆ. ಎದುರಿಗೆ ಸಿಕ್ಕಿದವಳ ಮೇಲೆ ಕೂಗುವುದು ಸುಲಭ, ಏಕೆಂದರೆ ಆಕೆ ಎದುರಿಗಿದ್ದಾಳೆ. ಪಟ್ಟಿಯಲ್ಲಿ ಇಲ್ಲದ ಎರಡನೆಯ ದಾದಿಯ ಬಗೆಗೆ ಕೇಳಬೇಕಾದವರನ್ನು ಕೇಳುವುದು ಕಷ್ಟ. ಅವರು ಓಣಿಯಲ್ಲಿ ಸಿಗುವುದಿಲ್ಲ. ನನ್ನ ಆ ರಾತ್ರಿಯ ನೈತಿಕ ಆವೇಶ ನಿಜವಾದದ್ದೇ ಆಗಿತ್ತು. ಅದರ ವಿಳಾಸ ಮಾತ್ರ ತಪ್ಪಿತ್ತು. ಮರುವಾರ ಅದೇ ಆವೇಶದಿಂದ ನಾನು ಆಡಳಿತಕ್ಕೆ ಒಂದು ಪತ್ರ ಬರೆದಿದ್ದೆನೆ? ಬರೆಯಲಿಲ್ಲ. ಚುಚ್ಚುಮದ್ದು ಸಿಕ್ಕ ಮೇಲೆ ನನ್ನ ನೀತಿ ನಿದ್ದೆಹೋಗಿತ್ತು.

ಕೊನೆಯದಾಗಿ ಕನ್ನಡ ಮೇಷ್ಟರ ಒಂದು ಮಾತು. 'ಶುಶ್ರೂಷೆ' ಎಂಬ ಶಬ್ದವನ್ನು ನಾವು ಉಪಚಾರ, ಸೇವೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ 'ಕೇಳುವ ಇಚ್ಛೆ'. ಗುರುವಿನ ಮಾತನ್ನು ಕೇಳಬಯಸುವ ಶಿಷ್ಯ ಸೇವೆಯನ್ನೂ ಮಾಡುತ್ತಿದ್ದುದರಿಂದ ಅದಕ್ಕೆ ಸೇವೆಯೆಂಬ ಅರ್ಥ ಬಂತು. ಈ ವ್ಯುತ್ಪತ್ತಿಯನ್ನು ನಾನು ಎಷ್ಟೋ ತರಗತಿಗಳಿಗೆ ಹೇಳಿದ್ದೇನೆ; ಎಂಬತ್ತೆಂಟರ ಆ ತರಗತಿಗೂ ಹೇಳಿರಬೇಕು. ಅರ್ಥವನ್ನು ಶಿಷ್ಯೆ ಬದುಕಿ ತೋರಿಸಿದಳು. ಓಣಿಯಲ್ಲಿ ಹತ್ತು ನಿಮಿಷ ನಿಂತು, ಹೋಗಬೇಕಾದಲ್ಲಿಗೆ ಹೋಗಲಾಗದೆ, ಗುರುವಿನ ಮಾತನ್ನು ಕೇಳಿದಳು. ಆಕೆಯ ಮಾತನ್ನು ಕೇಳಲು ಗುರುವಿಗೆ ತಿಂಗಳುಗಟ್ಟಲೆ ಹಿಡಿಯಿತು.

ಆ ಅಜ್ಜಿಯ ಹೆಸರನ್ನು ನಾನು ಆಮೇಲೆ ಕೇಳಿದೆ. ಶಿಷ್ಯೆಗೆ ಅದು ನೆನಪಿತ್ತು. ಅದನ್ನಿಲ್ಲಿ ಹೇಳುವುದಿಲ್ಲ, ನನ್ನ ಬಳಿ ಇರಲಿ.